ಒಂದು ‘ಅಲ್ಲ’ ಕಳೆದುಹೋದ ಮೇಲೆ

ಮಿಡಿಗೇಶಿ ಕೋಟೆಬೆಟ್ಟದ ಹಿಂಬದಿಯಲ್ಲಿ ಹೊಲವೊಂದನ್ನು ಅಳೆಯುತ್ತಿದ್ದಾಗ ಆ ದನಿ ಮೊದಲ ಸಲ ಕೇಳಿಸಿತು. ನಾನು ಬಂಡೆಯ ಮೇಲೆ ಟೋಟಲ್ ಸ್ಟೇಷನ್ ಎಂಬ ಅಳತೆಯಂತ್ರವನ್ನು ನಿಲ್ಲಿಸಿಕೊಂಡು ಅದರ ದುರ್ಬೀನಿಗೆ ಕಣ್ಣು ಕೊಟ್ಟಿದ್ದೆ. ಮುಕ್ಕಾಲು ಕಿಲೋಮೀಟರ್ ಕೆಳಗೆ ನಮ್ಮ ಚೈನ್‌ಮನ್, ನಾನು ಅಣ್ಣ ಎಂದು ಕರೆಯುವ ಸಹಾಯಕರು, ತುದಿಗೆ ಪ್ರಿಸಂ ಸಿಕ್ಕಿಸಿದ ಕೋಲು ಹಿಡಿದು ಬದುವಿನ ಮೇಲೆ ನಿಂತಿದ್ದರು. ಅವರು ಕೋಲನ್ನು ಗಡಿ ತೋರುವ ಬಾಂದುಕಲ್ಲಿನ ಮೇಲೆ ನೆಟ್ಟಗೆ ಹಿಡಿಯಬೇಕು, ನಾನು ಗುಂಡಿ ಒತ್ತಬೇಕು. ಯಂತ್ರದಿಂದ ಹೊರಟ ಬೆಳಕು ಪ್ರಿಸಂ ಮುಟ್ಟಿ ಹಿಂತಿರುಗಿದರೆ ಕೋನ, ದೂರ ಎರಡೂ ಪರದೆಯ ಮೇಲೆ ಮೂಡುತ್ತವೆ. ಭೂಮಾಪಕಿಯಾದ ನನ್ನ ದಿನದ ಕೆಲಸವೆಂದರೆ ಇಷ್ಟೇ, ಇದನ್ನೇ ನೂರು ಸಲ ಮಾಡುವುದು.

‘ಸ್ವಲ್ಪ ಬಲಕ್ಕೆ’ ಎಂದು ರೇಡಿಯೋದಲ್ಲಿ ಹೇಳಿ ಗುಂಡಿ ಬಿಟ್ಟೆ. ಉತ್ತರವಾಗಿ ಬಂದದ್ದು ಅಣ್ಣನ ದನಿಯಲ್ಲ. ಯಾರೋ ಗಂಡಸು, ಗೊತ್ತಿಲ್ಲದ ಭಾಷೆಯಲ್ಲಿ, ಹಾಡಿನಂತೆ ಏರಿಳಿಯುವ ಮಾತು. ಅದರ ಮೇಲೆ ಇನ್ನೊಬ್ಬ, ಆಮೇಲೆ ಒಂದು ಉದ್ದನೆಯ ಶಿಳ್ಳೆ. ಎಲ್ಲ ಅಡಗಿದ ಮೇಲೆ ಅಣ್ಣ ಬಂದರು.

“ಮೇಡಮ್ಮ, ನಮ್ ಮಧ್ಯೆ ಯಾರೋ ಬಂದವ್ರೆ. ಯಾವ್ ಬಾಸೆನೋ ತಿಳಿಯಾಕಿಲ್ಲ.”

ಇಬ್ಬರೂ ನಕ್ಕು ಕೆಲಸ ಮುಂದುವರಿಸಿದೆವು.

ನಮ್ಮ ಕೈಲಿದ್ದದ್ದು ಸಿಟಿಜನ್ ಬ್ಯಾಂಡ್ ರೇಡಿಯೋ. ಮಧುಗಿರಿಯಿಂದ ಪಾವಗಡದವರೆಗೆ ಬೆಟ್ಟದ ಮಗ್ಗುಲುಗಳಲ್ಲಿ ಮೊಬೈಲ್ ಸಿಗ್ನಲ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮೊದಲು ಅಣ್ಣ ಕೂಗಿನಲ್ಲೇ ಕೆಲಸ ನಡೆಸುತ್ತಿದ್ದರು. ಅವರು ಸಿರಾ ಬಳಿಯ ಹುಲಿಕುಂಟೆ ಕಡೆಯ ಕುರಿ ಸಾಕುವ ಮನೆಯವರು, ಅವರ ಗಂಟಲು ಎರಡು ಗುಡ್ಡ ದಾಟುತ್ತದೆ. ನನ್ನದು ಅಂಗಳ ದಾಟುವುದಿಲ್ಲ. ಹಾಗಾಗಿ ಆನ್‌ಲೈನಿನಲ್ಲಿ ಎರಡು ಅಗ್ಗದ ವಾಕಿಟಾಕಿ ತರಿಸಿದ್ದೆ. ಅವಕ್ಕೆ ಲೈಸೆನ್ಸ್ ಬೇಕು, ಇಲ್ಲದೆ ಬಳಸಿದರೆ ಅಪರಾಧ ಎಂದು ಪೊಲೀಸ್ ವೈರ್‌ಲೆಸ್‌ನಲ್ಲಿದ್ದ ಪರಿಚಯದವರೊಬ್ಬರು ಎಚ್ಚರಿಸಿದರು. ಊರವರಿಗೆಲ್ಲ ಹದ್ದು ತೋರಿಸಿಕೊಡುವ ನಾನೇ ಹದ್ದು ಮೀರಿದ್ದು ನಾಚಿಕೆಯೆನಿಸಿತು. ಅವನ್ನು ಮೂಲೆಗಿಟ್ಟು ಸಿಟಿಜನ್ ಬ್ಯಾಂಡಿಗೆ ಬಂದೆ. ಇಪ್ಪತ್ತೇಳು ಮೆಗಾಹರ್ಟ್ಸ್‌ನ ಈ ಬ್ಯಾಂಡಾದರೆ ಯಾರು ಬೇಕಾದರೂ ಕಡಿಮೆ ಶಕ್ತಿಯ ಸೆಟ್ಟನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಏರಿಯಲ್ ಉದ್ದ, ಸೆಟ್ಟು ಭಾರ, ಆದರೆ ಕಾನೂನು ನಮ್ಮ ಪರ. ಒಂದೂವರೆ ವರ್ಷ ತಕರಾರಿಲ್ಲದೆ ನಡೆಯಿತು.

ಮಿಡಿಗೇಶಿಯ ಆ ದಿನದ ನಂತರ ವಿದೇಶಿ ದನಿಗಳು ಆಗಾಗ ಬರತೊಡಗಿದವು. ಬೆಳಿಗ್ಗೆ ಇರುತ್ತಿರಲಿಲ್ಲ. ಬಿಸಿಲೇರಿದ ಹಾಗೆ ಬರುತ್ತಿದ್ದವು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಪಾವಗಡ ತಾಲ್ಲೂಕಿನ ಕೆಲಸ ಬಂದದ್ದು ಆಗ. ಅಕ್ಕ ತಂಗಿ ಇಬ್ಬರಿಗೆ ತಂದೆಯ ಜಮೀನು ಭಾಗವಾಗಿತ್ತು. ಇಬ್ಬರ ಪಾಲನ್ನೂ ಸೋಲಾರ್ ಹಲಗೆ ಹಾಕುವವರು ಗುತ್ತಿಗೆಗೆ ಕೇಳಿದ್ದರು, ತಂಗಿ ಮಾತ್ರ ತನ್ನ ಬೋರ್‌ವೆಲ್ ಇರುವ ತುಂಡನ್ನು ಕೊಡುವುದಿಲ್ಲ, ಅಲ್ಲಿ ತಾನೇ ಬೆಳೆಯುತ್ತೇನೆ ಎಂದಿದ್ದಳು. ಹದ್ದು ಗುರುತಿಸಿ ನಕ್ಷೆ ಕೊಡುವುದು ನನ್ನ ಪಾಲಿಗೆ ಬಂತು.

ಯಂತ್ರವನ್ನು ಪಡುವಣ ದಿಬ್ಬದ ಮೇಲಿಟ್ಟೆ. ಅಣ್ಣ ಮೂಡಣದ ಇಳಿಜಾರಿಗೆ ಹೋದರು. ಅಲ್ಲಿ ಜಾಲಿ, ಬಂದರಿಕೆ ಎದೆಮಟ್ಟ ಬೆಳೆದು ನನಗೆ ಪ್ರಿಸಂ ಮಾತ್ರ ಕಾಣುತ್ತಿತ್ತು, ಕೋಲಿನ ಬುಡ ಕಾಣುತ್ತಿರಲಿಲ್ಲ. ಹನ್ನೆರಡು ಗಂಟೆಯ ಹೊತ್ತು. ರೇಡಿಯೋದಲ್ಲಿ ಅಣ್ಣ, ಇಲ್ಲೊಂದು ಉದ್ದಗಲ್ಲು ನಿಂತಿದೆ, ಇದೇನಾ ಎಂದು ಕೇಳಿದರು. ಹಿಂದಿನವರ ಅಳತೆ ಬರೆದಿಟ್ಟ ಹಳೆಯ ಟಿಪ್ಪಣಿ ಹಾಳೆ ನನ್ನ ತೊಡೆಯ ಮೇಲಿತ್ತು. ಅದರ ಪ್ರಕಾರ ಬಾಂದುಕಲ್ಲು ಇನ್ನೂ ಆಚೆಗಿರಬೇಕು.

“ಆ ಕಲ್ಲಲ್ಲ, ಆಚೇದು” ಎಂದೆ.

ಹೇಳುತ್ತಿದ್ದಂತೆ ಶಿಳ್ಳೆ ಎದ್ದು ದನಿಗಳು ನುಗ್ಗಿದವು. ಅರ್ಧ ನಿಮಿಷದ ಮೇಲೆ ಅಣ್ಣ ‘ಇಟ್ಟೆ’ ಎಂದರು. ನಾನು ಗುಂಡಿ ಒತ್ತಿದೆ. ಇನ್ನೂ ಹದಿನಾಲ್ಕು ಬಿಂದುಗಳು ಬಾಕಿಯಿದ್ದವು.

ಮನೆಗೆ ಬಂದು ಲೆಕ್ಕ ಹಾಕುವಾಗ ಆ ಬಿಂದು ಟಿಪ್ಪಣಿಯ ಅಳತೆಗಿಂತ ಆರು ಮೀಟರ್ ಈಚೆಗೆ ಬಿತ್ತು. ಇದನ್ನು ಮುಚ್ಚಿಡದೆ ಬರೆಯಬೇಕು: ನಾನು ಅದನ್ನು ನೋಡಿದೆ. ಗುಡ್ಡದ ಜಾಗ, ಹಳೇ ಕಾಲದವರು ಸರಪಳಿ ಎಳೆದು ಅಳೆದದ್ದು, ವ್ಯತ್ಯಾಸ ಸಹಜ ಎಂದು ನನಗೆ ನಾನೇ ಹೇಳಿಕೊಂಡು ನಕ್ಷೆ ಮುಗಿಸಿದೆ.

ಹತ್ತು ದಿನದ ಮೇಲೆ ತಂಗಿ ಫೋನ್ ಮಾಡಿದಳು, ಆ ಗಡಿಸೀಮೆಯ ತೆಲುಗು ಬೆರೆತ ಕನ್ನಡದಲ್ಲಿ. ಜಗಳದ ದನಿಯಲ್ಲ, ನಿಜವಾಗಿಯೂ ಅರ್ಥವಾಗದವರ ದನಿ.

“ಮೇಡಂ, ಮಾ ಬೋರು ಅಕ್ಕಗಾರಿ ಪಾಲಿಗೆ ಎಟ್ಲಾ ಪೋಯಿಂದಿ? ಮೊನ್ನೆ ತಂಕ ನಂದೇ ಇತ್ತು ಕದಾ.”

ನನ್ನ ನಕ್ಷೆಯಲ್ಲಿ ಆಕೆಯ ಬೋರ್‌ವೆಲ್ ಅಕ್ಕನ ಗಡಿಯೊಳಗೆ ಹೋಗಿ ಕೂತಿತ್ತು.

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಅಣ್ಣನನ್ನು ಕರೆದುಕೊಂಡು ಮೊದಲ ಬಸ್ಸಿಗೆ ಹೊರಟೆ. ಮೂಡಣದ ಇಳಿಜಾರಿನಲ್ಲಿ ಅವರು ಅಂದು ಕೋಲು ಇಟ್ಟ ಕಲ್ಲನ್ನು ತೋರಿಸಿದರು. ಅದು ಯಾವುದೋ ಬೇಲಿಗೆ ನೆಟ್ಟ ಉದ್ದಗಲ್ಲು. ಅಲ್ಲಿಂದ ಟೇಪು ಹಿಡಿದು ಪೊದೆ ಸವರುತ್ತ ಹೋದೆ. ಆರು ಮೀಟರ್ ಆಚೆ, ಬಂದರಿಕೆಯ ಬುಡದಲ್ಲಿ, ನೆತ್ತಿಯ ಮೇಲೆ ಕತ್ತರಿ ಗುರುತು ಕೆತ್ತಿದ ಮೋಟು ಬಾಂದುಕಲ್ಲು ಇತ್ತು.

“ಆ ಕಲ್ಲಲ್ಲ ಅಂದಿದ್ದೆನಲ್ಲ ಅಣ್ಣ” ಎಂದೆ.

“ನೀವು ಆ ಕಲ್ಲು ಅಂದ್ರಿ ಮೇಡಮ್ಮ. ನಾನ್ಯಾಕ್ ಸುಳ್ಳೇಳನ? ಆಮೇಲೆ ಏನೋ ಅಂದ್ರಿ, ಆ ಪರದೇಸಿಗಳ ಗಲಾಟೆನಾಗೆ ಮುಚ್ಚೋಯ್ತು.”

ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದೆವು. ‘ಆ ಕಲ್ಲಲ್ಲ’ ಎಂಬಲ್ಲಿ ಕೊನೆಯದು ಹೋದರೆ ಉಳಿಯುವುದು ‘ಆ ಕಲ್ಲು’. ನಮ್ಮ ಭಾಷೆಯಲ್ಲಿ ಬೇಡವೆನ್ನುವುದು ಬಾಲದಲ್ಲಿರುತ್ತದೆ. ಬಾಲ ಕತ್ತರಿಸಿದರೆ ಬೇಡವಾದದ್ದೇ ಬೇಕಾದದ್ದು.

ನಕ್ಷೆ ಇನ್ನೂ ಕಚೇರಿಯಲ್ಲಿ ಅಂತಿಮವಾಗಿರಲಿಲ್ಲ. ಅಕ್ಕ ಒಪ್ಪಿ, ತಂಗಿ ಸುಮ್ಮನಾಗಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ಅದು ನನ್ನ ತಲೆಯಲ್ಲಿ ಸುಳಿಯಲಿಲ್ಲವೆಂದರೆ ಸುಳ್ಳಾದೀತು. ಮಧುಗಿರಿಯಲ್ಲಿ ಇಳಿದವಳು ಮನೆಗೆ ಹೋಗದೆ ಕಚೇರಿಗೆ ಹೋಗಿ, ನನ್ನ ಅಳತೆ ತಪ್ಪಿದೆ, ನಕ್ಷೆ ಹಿಂಪಡೆಯಲು ಅವಕಾಶ ಕೊಡಿ ಎಂದು ಬರೆದು ಕೊಟ್ಟೆ. ನಮ್ಮ ಸೂಪರ್‌ವೈಸರ್ ಎರಡು ಸಲ ಓದಿದರು. ಟಿಪ್ಪಣಿಗೆ ತಾಳೆಯಾಗದ್ದು ಕಂಡೂ ಬಿಟ್ಟದ್ದೇಕೆ ಎಂದು ಕೇಳಿದರು. ಮರು ಅಳತೆ ಆಗುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದರು. ನ್ಯಾಯವೇ.

ಕೈಯಲ್ಲಿ ಕೆಲಸವಿಲ್ಲದೆ ಕೂತಾಗ ರೇಡಿಯೋದ ಮೇಲೆ ಸಿಟ್ಟು ಬಂತು. ಸೆಟ್ಟು ಕೆಟ್ಟಿರಬೇಕೆಂದು ಸಿರಾದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಏನೂ ಕೆಟ್ಟಿಲ್ಲ, ಹಳೇ ಪೋಸ್ಟಾಫೀಸಿನ ಹಿಂದಿನ ಬೀದಿಯಲ್ಲಿ ತಾರಿನ ಆಪಾ ಇದ್ದಾರೆ, ಅವರನ್ನು ಕೇಳಿ ಎಂದರು.

ತಾರಿನ ಆಪಾ ಅಂಚೆ ಕಚೇರಿಯಲ್ಲಿ ತಾರು ಅಥವಾ ತಂತಿ ಸಂದೇಶ ಕಳಿಸುವ ಕೆಲಸ ಮಾಡಿ ನಿವೃತ್ತರಾದವರು. ಎಪ್ಪತ್ತರ ಹತ್ತಿರ. ಮನೆಯ ತಾರಸಿಯ ಮೇಲೆ ಎತ್ತರದ ಕಂಬ, ಅದರಿಂದ ನಾಲ್ಕು ಕಡೆ ತಂತಿ. ಬಟ್ಟೆ ಒಣಹಾಕಲೆಂದು ನಾನು ತಿಳಿದೆ. ಅವರು ಮೂವತ್ತು ವರ್ಷದಿಂದ ಹವ್ಯಾಸಿ ರೇಡಿಯೋ ಲೈಸೆನ್ಸ್ ಇರುವವರು, ಹ್ಯಾಮ್ ಎನ್ನುತ್ತಾರಲ್ಲ, ಅದು.

ನನ್ನ ಕಥೆಯನ್ನೆಲ್ಲ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಗಂಟೆಗೆ? ಹನ್ನೆರಡು ಎಂದೆ. ಅವರು ತಲೆಯಾಡಿಸಿ ವಿವರಿಸಿದರು. ಸೂರ್ಯನಿಗೆ ಹನ್ನೊಂದು ವರ್ಷಕ್ಕೊಮ್ಮೆ ಏರು ಬರುತ್ತದೆ, ಈಗ ಅಂಥ ಕಾಲ. ಆಗ ಬಿಸಿಲಿಗೆ ಆಕಾಶದ ಮೇಲಿನ ಪದರ ಕನ್ನಡಿಯಂತಾಗಿ ಸಾವಿರಾರು ಮೈಲಿ ದೂರದ ಅಲೆಗಳನ್ನು ನೆಲಕ್ಕೆ ಹೊರಳಿಸುತ್ತದೆ. ನಿಮ್ಮ ಬ್ಯಾಂಡಿಗೆ ಅದು ನೇರವಾಗಿ ತಗಲುತ್ತದೆ. ನೀವು ಮುಕ್ಕಾಲು ಕಿಲೋಮೀಟರಿಗೆ ಮಾತಾಡುವಾಗ ಬೇರೆ ಖಂಡದವನೂ ನಿಮ್ಮ ಪಕ್ಕದಲ್ಲಿ ನಿಂತಿರುತ್ತಾನೆ. ಸೆಟ್ಟಿನ ತಪ್ಪಲ್ಲ.

“ಹಾಗಾದರೆ ಆಕಾಶದ ತಪ್ಪು” ಎಂದೆ, ಸ್ವಲ್ಪ ಹಗುರವಾಗಿ.

“ಆಕಾಶದ ಮೇಲೆ ಹಾಕ್ಬೇಡ ಬೇಟಿ. ಅವನು ‘ಇಟ್ಟೆ’ ಅಂದಾಗ ಎಲ್ಲಿಟ್ಟೆ ಅಂತ ನೀನು ಕೇಳ್ದೆಯಾ?”

ಕೇಳಿರಲಿಲ್ಲ. ಅವರ ತಂತಿ ಕೆಲಸದಲ್ಲಿ ಅಂಕಿ, ಹೆಸರು ಬಂದರೆ ಕೊನೆಯಲ್ಲಿ ಮತ್ತೊಮ್ಮೆ ಕಳಿಸುವುದು, ಪಡೆದವನು ತಿರುಗಿ ಒಪ್ಪಿಸುವುದು ನಿಯಮವಂತೆ. ‘ಬಾ’ ‘ಬೇಡ’ ಒಂದಕ್ಕೊಂದು ಬದಲಾದರೆ ಒಂದು ಮನೆಯ ಮದುವೆ ನಿಂತುಹೋಗುತ್ತಿತ್ತು ಎಂದರು. ಹೊರಡುವಾಗ, ನಿನಗೆ ಇಷ್ಟು ಕುತೂಹಲವಿದ್ದರೆ ಪರೀಕ್ಷೆ ಕಟ್ಟಿ ಲೈಸೆನ್ಸ್ ತಗೋ, ಭಾನುವಾರ ಬಾ, ಹೇಳಿಕೊಡುತ್ತೇನೆ ಎಂದರು. ನನ್ನ ಮನಸ್ಸು ಬೇರೆ ಲೆಕ್ಕ ಹಾಕಿತು. ಲೈಸೆನ್ಸ್ ಸಿಕ್ಕರೆ ಈ ಗಲಾಟೆಯ ಬ್ಯಾಂಡ್ ಬಿಟ್ಟು ಅವರ ಸ್ವಚ್ಛ ಬ್ಯಾಂಡಿಗೆ ಹೋಗಬಹುದು, ಅಳತೆಗೆ ಇನ್ನು ಅಡ್ಡಿಯಿರುವುದಿಲ್ಲ. ಒಪ್ಪಿಕೊಂಡೆ.

ಮರು ಅಳತೆಯ ದಿನ ಬರುವ ಮುಂಚೆ ಅಣ್ಣನೊಂದಿಗೆ ಕೂತು ಮಾತಿನ ಕ್ರಮವನ್ನೇ ಹೊಸದಾಗಿ ಕಟ್ಟಿದೆವು. ಆಪಾ ಹೇಳಿದಂತೆ ಪ್ರತಿಯೊಂದನ್ನೂ ತಿರುಗಿ ಒಪ್ಪಿಸುವುದು, ಒಪ್ಪಿಸದೆ ಗುಂಡಿ ಒತ್ತುವುದಿಲ್ಲ. ‘ಅಲ್ಲ’ ‘ಬೇಡ’ಗಳನ್ನು ಏನು ಮಾಡುವುದೆಂದು ನಾನು ಯೋಚಿಸುತ್ತಿದ್ದಾಗ ಅಣ್ಣ ನಕ್ಕರು.

“ಕುರಿಗೆ ಅತ್ಲಾಗ್ ಓಗ್‌ಬ್ಯಾಡ ಅಂತ ಯಾರೂ ಕೂಗಕಿಲ್ಲ ಮೇಡಮ್ಮ. ಇತ್ಲಾಗ್ ಬಾ ಅಂತಾರೆ. ದೂರದಿಂದ ಬ್ಯಾಡ ಅಂದ್ರೆ ಅದ್ಕೇನ್ ಗೊತ್ತಾಯ್ತದೆ?”

ಅದೇ ನಮ್ಮ ನಿಯಮವಾಯಿತು. ಎಲ್ಲಿ ಇಡಬಾರದು ಎಂದು ಹೇಳುವುದಿಲ್ಲ, ಎಲ್ಲಿ ಇಡಬೇಕೋ ಅದನ್ನೇ ಹೇಳುವುದು.

ಮರು ಅಳತೆಗೆ ಅಕ್ಕ ತಂಗಿ ಇಬ್ಬರೂ ಬರಲೇಬೇಕೆಂದು ಸೂಪರ್‌ವೈಸರ್ ನೋಟಿಸ್ ಕಳಿಸಿದ್ದರು, ತಾವೂ ಬಂದಿದ್ದರು. ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆವು, ಆಕಾಶದವರು ಏಳುವ ಮುಂಚೆ. ಅಕ್ಕ ನನ್ನ ಮುಖ ನೋಡಲಿಲ್ಲ. ಸೂಪರ್‌ವೈಸರ್ ಕಡೆಗೆ ತಿರುಗಿ ಹೇಳಿದಳು:

“ಒಂದ್ಸಲ ಬರೆದಿದ್ದು ಬರೆದಿದ್ದೇ ಕದಾ ಸಾರ್. ಚಿಕ್ಕೋಳು ಅತ್ತರೆ ಕಲ್ಲು ನಡೀತಾವಾ?”

ನಾನು ಆಕೆಗೆ, ಕಲ್ಲು ಎಲ್ಲಿಯೂ ಹೋಗಿಲ್ಲ, ನಾನು ತಪ್ಪು ಕಲ್ಲನ್ನು ಅಳೆದೆ ಎಂದೆ. ಗ್ರಾಹಕರ ಎದುರು ಹಾಗೆ ಹೇಳಿದ್ದು ಅದೇ ಮೊದಲು. ಆಮೇಲೆ ಒಂದು ವ್ಯವಸ್ಥೆ ಮಾಡಿದೆ. ತಂಗಿಯನ್ನು ಅಣ್ಣನ ಜೊತೆ ಇಳಿಜಾರಿಗೆ ಕಳಿಸಿದೆ, ಅಕ್ಕನನ್ನು ನನ್ನ ಪಕ್ಕ ನಿಲ್ಲಿಸಿಕೊಂಡು ರೇಡಿಯೋವನ್ನು ಆಕೆಯ ಕೈಗೇ ಕೊಟ್ಟೆ. ನಾನು ಆಕೆಯ ಕೈಯತ್ತ ಬಾಗಿ ಮಾತಾಡುವುದು, ಬರುವ ಉತ್ತರವನ್ನು ಆಕೆಯೇ ಮೊದಲು ಕೇಳುವುದು.

ಆರಂಭದಲ್ಲಿ ಆಕೆ ಸೆಟ್ಟನ್ನು ಹಾವಿನಂತೆ ದೂರ ಹಿಡಿದಿದ್ದಳು. ನಾಲ್ಕನೆಯ ಬಿಂದುವಿನ ಹೊತ್ತಿಗೆ ಕಿವಿಗೆ ಹತ್ತಿರ ತಂದುಕೊಂಡಳು. ಮೂಡಣದ ಮೂಲೆ ಬಂತು.

“ಕತ್ತರಿ ಗುರುತಿನ ಮೋಟುಗಲ್ಲಿನ ಮೇಲೆ ಕೋಲು ಇಡಿ” ಎಂದೆ.

“ಕತ್ತರಿ ಗುರುತು. ಮೋಟುಗಲ್ಲು. ನೆತ್ತಿ ಮೇಲ್ ಇಟ್ಟಿವ್ನಿ” ಎಂದು ಅಣ್ಣ ಒಪ್ಪಿಸಿದರು.

ನಾನು ಯಂತ್ರದ ಗುಂಡಿಗೆ ಬೆರಳು ಒಯ್ಯುವಷ್ಟರಲ್ಲಿ ಅಕ್ಕ ತಾನೇ ರೇಡಿಯೋದ ಗುಂಡಿ ಒತ್ತಿದಳು. ಆರು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

“ಕತ್ತರಿ ನೀನು ಕಣ್ಣಾರೆ ಚೂಸಿದೆಯಾ?”

ತಂಗಿಯ ದನಿ ಬಂತು. “ಚೂಶಾನಕ್ಕಾ. ಸಣ್ಣೋರಿದ್ದಾಗ ನಾಯನ ನಮ್ಮನ್ನ ಕೂರಿಸ್ತಿದ್ದ ಕಲ್ಲೇ ಇದು.”

ತಂದೆಯ ಮಾತು ಬಂದದ್ದೇ ಅಕ್ಕ ಸೆಟ್ಟನ್ನು ನನ್ನ ಕೈಗೆ ಕೊಟ್ಟು ದಿಬ್ಬದ ಅಂಚಿಗೆ ಹೋಗಿ ಅತ್ತ ಮುಖ ಮಾಡಿ ನಿಂತಳು. ಅಳತೆ ಟಿಪ್ಪಣಿಗೆ ಒಂದು ಗೇಣಿನೊಳಗೆ ತಾಳೆಯಾಯಿತು. ಬೋರ್‌ವೆಲ್ ತಂಗಿಯ ಕಡೆಗೆ ಬಂತು. ಅಕ್ಕ ನನ್ನೊಡನೆ ಮಾತಾಡದೆ ಸಹಿ ಹಾಕಿದಳು, ಆದರೆ ಹಾಕಿದಳು. ಇಬ್ಬರೂ ಒಂದೇ ಕಾಲುದಾರಿಯಲ್ಲಿ, ನಾಲ್ಕು ಮಾರು ಅಂತರದಲ್ಲಿ, ಊರಿನತ್ತ ಇಳಿದುಹೋದರು.

ಕೆಲಸ ಮತ್ತೆ ಸಿಗತೊಡಗಿತು. ಭಾನುವಾರ ಸಿರಾಕ್ಕೆ ಹೋಗುವುದನ್ನು ನಾನು ಬಿಡಲಿಲ್ಲ. ಪಾಠ ನನಗೆ ಅನಿರೀಕ್ಷಿತವಾಗಿ ಹಿಡಿಸಿತು. ಅಲೆಯ ಉದ್ದ ಗೊತ್ತಾದರೆ ಏರಿಯಲ್ ಉದ್ದ ಗೊತ್ತಾಗುತ್ತದೆ, ಟೇಪಿನಲ್ಲಿ ಅಳೆದು ಕತ್ತರಿಸಿದರೆ ಕೆಲಸ ಮಾಡುತ್ತದೆ, ಒಂದು ಬೆರಳು ಹೆಚ್ಚುಕಡಿಮೆಯಾದರೆ ಮುನಿಸಿಕೊಳ್ಳುತ್ತದೆ. ಅಳೆಯುವವಳಿಗೆ ಇದಕ್ಕಿಂತ ಹಿತವಾದ ವಿದ್ಯೆ ಯಾವುದಿದೆ? ತಾಮ್ರದ ತಂತಿ ಕತ್ತರಿಸಿ ನಾನೇ ಒಂದು ಏರಿಯಲ್ ಮಾಡಿದೆ. ಆಪಾ ಅದನ್ನು ಮೀಟರಿಗೆ ಹಾಕಿ ನೋಡಿ, ಏನೂ ಹೇಳದೆ ಚಹಾಕ್ಕೆ ನೀರಿಟ್ಟರು. ಅದು ಅವರ ಮೆಚ್ಚುಗೆ.

ಮೋರ್ಸ್ ಮಾತ್ರ ಹತ್ತಲಿಲ್ಲ. ನಾನು ಚುಕ್ಕೆ ಗೆರೆಗಳನ್ನು ಎಣಿಸುತ್ತಿದ್ದೆ. ಎಣಿಸುವಷ್ಟರಲ್ಲಿ ಮುಂದಿನ ಅಕ್ಷರ ಹೋಗಿರುತ್ತಿತ್ತು. ಆಪಾ ತಾಳ್ಮೆಗೆಡದೆ, ಬಾಗಿಲು ಬಡಿದದ್ದು ಮಗನೋ ಮೊಮ್ಮಗಳೋ ಎಂದು ನಾನು ಎಣಿಸಿ ತಿಳಿಯುತ್ತೇನೆಯೇ, ಸಬರ್ ಮಾಡು, ಕಿವಿಗೇ ಬಿಡು ಎನ್ನುತ್ತಿದ್ದರು.

ನಿಯಮಗಳ ಪತ್ರಿಕೆಗೆ ಓದಲು ಕೂತದ್ದು ಮೂರನೆಯ ತಿಂಗಳಲ್ಲಿ. ಮಧುಗಿರಿಯ ಮನೆಯ ಜಗಲಿಯ ಮೇಲೆ, ಬೆಳಗಿನ ಹೊತ್ತು. ಮೊದಲ ಪುಟಗಳಲ್ಲೇ ಇತ್ತು. ಹವ್ಯಾಸಿ ರೇಡಿಯೋವನ್ನು ಸ್ವಂತ ಕಲಿಕೆಗೆ, ಪ್ರಯೋಗಕ್ಕೆ, ಸ್ನೇಹದ ಮಾತಿಗೆ ಬಳಸಬಹುದು. ಗಳಿಕೆಯ ಕೆಲಸಕ್ಕೆ, ವ್ಯವಹಾರಕ್ಕೆ ಬಳಸುವ ಹಾಗಿಲ್ಲ. ಜೊತೆಗೆ, ಆ ಕಡೆ ಮಾತಾಡುವವನಿಗೂ ಲೈಸೆನ್ಸ್ ಇರಬೇಕು.

ಎರಡು ಸಲ ಓದಿದೆ. ಪುಸ್ತಕ ಮುಚ್ಚಿ ಒಳಗೆ ಹೋಗಿ ಅಕ್ಕಿ ಆರಿಸಲು ಕೂತೆ. ಯಾವ ಕೆಲಸಕ್ಕೆಂದು ಇಷ್ಟೆಲ್ಲ ಓಡಾಡಿದ್ದೆನೋ ಆ ಕೆಲಸವೊಂದಕ್ಕೆ ಮಾತ್ರ ಅದು ಬಾರದು.

ಆ ಭಾನುವಾರ ಸಿರಾಕ್ಕೆ ಹೋದದ್ದು ಜಗಳವಾಡಲೆಂದೇ. ನಿಮಗೆ ಮೊದಲೇ ಗೊತ್ತಿತ್ತಲ್ಲ, ನಾನು ಅಳತೆಗೆ ಬೇಕೆಂದು ಬಂದವಳೆಂದೂ ಗೊತ್ತಿತ್ತಲ್ಲ ಎಂದೆ.

ಆಪಾ ಕನ್ನಡಕ ಒರೆಸಿಕೊಂಡರು. “ಗೊತ್ತಿತ್ತು. ಮೊದ್ಲೇ ಹೇಳಿದ್ರೆ ನೀನು ಎರಡ್ನೇ ಭಾನುವಾರ ಬರ್ತಿರ್ಲಿಲ್ಲ.”

“ಇದು ಮೋಸವಲ್ಲವಾ?”

“ಸ್ವಲ್ಪ ಮೋಸಾನೇ” ಎಂದು ಒಪ್ಪಿಕೊಂಡರು. “ಈಗ ಗೊತ್ತಾಯ್ತಲ್ಲ. ಬೇಡ ಅಂದ್ರೆ ಹೋಗು, ಬೇಜಾರಿಲ್ಲ.”

ಹೊರಗೆ ಬಂದು ಬಸ್‌ಸ್ಟ್ಯಾಂಡಿನವರೆಗೂ ನಡೆದೆ. ಮಧುಗಿರಿ ಬಸ್ಸು ಹೊರಡಲು ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕೂತೆ. ಆ ಮೂರು ತಿಂಗಳನ್ನು ಯೋಚಿಸಿದೆ. ಅಳತೆಗೆ ಬೇಕಾದದ್ದು ನನಗೆ ಆಗಲೇ ಸಿಕ್ಕಿತ್ತು: ಬೆಳಿಗ್ಗೆ ಶುರು ಮಾಡುವುದು, ತಿರುಗಿ ಒಪ್ಪಿಸುವುದು, ‘ಅಲ್ಲ’ ಬಿಡುವುದು. ಹಳೇ ಸೆಟ್ಟಿನಲ್ಲೇ ಈಗ ಒಂದು ಬಿಂದುವೂ ತಪ್ಪುತ್ತಿರಲಿಲ್ಲ. ಹಾಗಿದ್ದೂ ನಾನು ಭಾನುವಾರಗಳನ್ನು ಕಾಯುತ್ತಿದ್ದೆ. ಯಾತಕ್ಕೆ? ನನ್ನ ಇಡೀ ವಾರದಲ್ಲಿ ಯಾರ ಪಾಲೂ ಕಡಿಮೆಯಾಗದ, ಯಾರ ಸಹಿಯೂ ಬೇಕಿಲ್ಲದ ಹೊತ್ತು ಅದೊಂದೇ ಇತ್ತು. ಕಂಡಕ್ಟರ್ ಟಿಕೆಟ್ ಕೇಳಿದಾಗ ಇಳಿದುಬಿಟ್ಟೆ. ಆತ ಏನೋ ಗೊಣಗಿದ. ವಾಪಸು ಹೋದಾಗ ಆಪಾ ಮೋರ್ಸ್ ಕೀಲಿಯನ್ನು ಮೇಜಿನ ಮೇಲಿಂದ ತೆಗೆದೇ ಇರಲಿಲ್ಲ.

ಪರೀಕ್ಷೆ ಬೆಂಗಳೂರಿನಲ್ಲಿ. ಇಂಜಿನಿಯರಿಂಗ್ ಹುಡುಗರ ಗುಂಪಿನಲ್ಲಿ ನಾನೊಬ್ಬಳೇ ಸೀರೆಯವಳು. ಬರವಣಿಗೆ ಸುಲಭವಾಯಿತು. ಮೋರ್ಸ್ ಕೇಳಿ ಬರೆಯುವಾಗ ಎರಡನೆಯ ಸಾಲಿನಲ್ಲಿ ಒಂದು ಅಕ್ಷರ ತಪ್ಪಿತು. ಅದನ್ನೇ ನೆನೆಯುತ್ತಿದ್ದಾಗ ನಾಲ್ಕು ಪದ ಹೋದವು. ಮೇಲುದರ್ಜೆ ಕೈತಪ್ಪಿತು, ಮೋರ್ಸ್ ಬೇಕಿಲ್ಲದ ಕೆಳದರ್ಜೆಯ ಸರ್ಟಿಫಿಕೇಟ್ ಸಿಕ್ಕಿತು. ಆಪಾಗೆ ಹೇಳಲು ಹಿಂಜರಿದೆ. ಅವರು, ಹೋದ ಅಕ್ಷರವನ್ನು ಹಿಂಬಾಲಿಸಿದೆ ತಾನೆ, ಎಲ್ಲರೂ ಮೊದಲ ಸಲ ಹಾಗೇ ಎಂದರು.

ಲೈಸೆನ್ಸ್‌ಗೆ ಮತ್ತಷ್ಟು ತಿಂಗಳು. ಮನೆ ವಿಚಾರಿಸಲು ಪೊಲೀಸರು ಬಂದಾಗ ಪಕ್ಕದ ಮನೆಯವರು ಗಾಬರಿಯಾಗಿ, ಆಯಮ್ಮ ಕಲ್ಲು ಅಳೆಯೋದು ಬಿಟ್ಟು ಬೇರೇನೂ ಮಾಡಲ್ಲ ಎಂದು ನನ್ನ ಪರವಾಗಿ ಸಾಕ್ಷಿ ಹೇಳಿದರಂತೆ. ಕೊನೆಗೂ ಕಾಗದ ಬಂತು, ಅದರಲ್ಲಿ ನನ್ನ ಕರೆ ಹೆಸರು. ಆರು ಅಕ್ಷರ ಅಂಕಿಗಳು, ಈ ಭೂಮಿಯ ಮೇಲೆ ಇನ್ನಾರಿಗೂ ಇಲ್ಲದವು. ಅಂಗೈಯಷ್ಟು ಸೆಟ್ಟೊಂದನ್ನು ಕೊಂಡೆ. ಪ್ರಯೋಗಕ್ಕೆಂದು ಆಪಾ ತಮ್ಮ ಹಳೆಯದೊಂದನ್ನೂ ಕೊಟ್ಟರು. ಎರಡೂ ನನ್ನ ಚೀಲದಲ್ಲಿರುತ್ತಿದ್ದವು.

ಅವು ಚೀಲದಲ್ಲಿದ್ದಾಗಲೇ ಹೊಳವನಹಳ್ಳಿಯ ಕೆಲಸ ಬಂದದ್ದು. ಕೊರಟಗೆರೆ ಕಡೆಯ ಆ ಗುಡ್ಡದಲ್ಲಿ ಇನ್ನು ನಾಲ್ಕೇ ಬಿಂದು ಉಳಿದಿದ್ದವು. ಮಧ್ಯಾಹ್ನ ಮೂರು ಗಂಟೆ, ಜಮೀನಿನವರು ಪಕ್ಕದಲ್ಲೇ ನಿಂತಿದ್ದರು. ಅಣ್ಣ ಬಂಡೆಯಿಂದ ಜಾರಿದರು; ಅವರಿಗೇನೂ ಆಗಲಿಲ್ಲ, ಸೆಟ್ಟಿನ ಏರಿಯಲ್ ಬುಡಕ್ಕೆ ಮುರಿಯಿತು. ಅವರು ಮೇಲೆ ಹತ್ತಿ ಬಂದು ಮುರಿದ ತುಂಡು ನನ್ನ ಕೈಗಿಟ್ಟರು.

“ಆ ಚೀಲದಾಗೆ ಎಲ್ಡವೆಯಲ್ಲ ಮೇಡಮ್ಮ. ನಾಕೇ ಕಲ್ಲು. ಮುಗಿಸ್ಬುಡಾನ.”

“ಅವು ಕೆಲಸಕ್ಕಲ್ಲ ಅಣ್ಣ.”

“ಈ ಗುಡ್ಡದಾಗೆ ಯಾರ್ ಕೇಳ್ತಾರೆ?”

ನಿಜ, ಯಾರೂ ಕೇಳುತ್ತಿರಲಿಲ್ಲ. ಪಾವಗಡದ ನಕ್ಷೆಯನ್ನೂ ಯಾರೂ ಕೇಳದಿರಬಹುದಿತ್ತು. ನಾನು ಯಂತ್ರ ಬಿಚ್ಚಿ ಪೆಟ್ಟಿಗೆಗೆ ಹಾಕಿದೆ. ನಾಳೆ ಬರುತ್ತೇವೆ ಎಂದಾಗ ಜಮೀನಿನವರು ಮುಖ ಗಂಟು ಹಾಕಿಕೊಂಡರು. ಕೊರಟಗೆರೆಯವರೆಗೂ ಅಣ್ಣ ಬಸ್ಸಿನ ಹಿಂದಿನ ಸೀಟಿನಲ್ಲಿ ಬೇರೆಯಾಗಿ ಕೂತರು.

ಮನೆಯಲ್ಲಿ ಬೆಸುಗೆ ಹಾಕಿ ಏರಿಯಲ್ ಸರಿಮಾಡಿಕೊಂಡು ಬೆಳಿಗ್ಗೆ ಮತ್ತೆ ಹೋದೆವು. ನಾಲ್ಕು ಬಿಂದು ಮುಗಿದಾಗ ಇನ್ನೂ ಒಂಬತ್ತೂವರೆ. ಜಮೀನಿನವರು ಸಹಿ ಹಾಕಿ ಹೊರಟರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಗುಡ್ಡದ ನೆತ್ತಿಗೆ ಹತ್ತಿ, ನಾನು ಮಾಡಿದ ತಾಮ್ರದ ಏರಿಯಲ್ಲನ್ನು ಪ್ರಿಸಂ ಕೋಲಿಗೆ ಕಟ್ಟಿ, ನನ್ನ ಪುಟ್ಟ ಸೆಟ್ಟಿಗೆ ಜೋಡಿಸಿದೆ. ಆಪಾ ಆ ಹೊತ್ತಿಗೆ ಕೇಳುತ್ತಿರುತ್ತೇನೆ ಎಂದಿದ್ದರು. ಹಿಂದೆ ಮೂರು ಬಾರಿ ಬೇರೆ ಬೇರೆ ಕಡೆಯಿಂದ ಕರೆದಾಗ ಉತ್ತರ ಬಂದಿರಲಿಲ್ಲ.

ಅವರ ಕರೆ ಹೆಸರು ಹೇಳಿ, ನನ್ನದು ಹೇಳಿ ಗುಂಡಿ ಬಿಟ್ಟೆ. ಬರೀ ಮೌನ. ಕೋಲನ್ನು ಸ್ವಲ್ಪ ತಿರುಗಿಸಿ ಮತ್ತೆ ಕರೆದೆ.

ಬಂದರು. ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಬಂದರು. ನನ್ನ ಕರೆ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದರು.

“ಕೆಲ್ಸದ ಮಾತು ಏನೂ ಇಲ್ಲ ತಾನೆ?” ಎಂದು ಕೇಳಿದರು.

“ಇಲ್ಲ, ಕೆಲಸ ಮುಗೀತು.”

“ಹಾಗಾದ್ರೆ ಮಾತಾಡು.”

ಏನು ಮಾತಾಡುವುದು? ಡಬ್ಬಿಯಲ್ಲಿ ಏನಿದೆ ಎಂದು ಅವರೇ ಕೇಳಿದರು. ಅವರೆಕಾಳಿನ ಉಪ್ಪಿಟ್ಟು ಎಂದೆ. ಅವರು ಮೊಮ್ಮಗಳ ಹಲ್ಲು ಬಿದ್ದ ಸುದ್ದಿ ಹೇಳಿದರು. ಅಣ್ಣ ಕೋಲು ಹಿಡಿದು ನಿಂತಿದ್ದವರು ಎಲ್ಲ ಕೇಳಿಸಿಕೊಂಡು, ನಿನ್ನೆಯ ಮುನಿಸು ಮರೆತು, ಮೆಲ್ಲಗೆ ಕೇಳಿದರು.

“ಇಷ್ಟಕ್ಕೇನಾ ಮೇಡಮ್ಮ ಅಷ್ಟೊಂದ್ ಓದಿದ್ದು?”

“ಇಷ್ಟಕ್ಕೇ ಅಣ್ಣ.”

ಅವರು ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, “ಅಂಗಾರೆ ಹುಲಿಕುಂಟೆ ಕಡೆ ಮೋಡ ಐತಾ ಕೇಳಿ” ಎಂದರು. ಮನೆಗೆ ಫೋನ್ ಮಾಡಿದರೆ ಗೊತ್ತಾಗುವ ಸಂಗತಿಯೇ. ಆದರೂ ಕೇಳಿದೆ. ಆಪಾ ತಾರಸಿಗೆ ಹೋಗಿ ನೋಡಿ ಬರುತ್ತೇನೆ, ಇರು ಎಂದರು. ಎಪ್ಪತ್ತರ ಮಂಡಿಗಳು, ಹೊತ್ತು ಹಿಡಿಯಿತು. ನಾವಿಬ್ಬರೂ ಸೆಟ್ಟನ್ನೇ ನೋಡುತ್ತ ಕೂತೆವು.

“ಕಪ್ಪಗೆ ಕಟ್ಟಿದೆ” ಎಂದು ಉಬ್ಬಸದ ನಡುವೆ ದನಿ ಬಂತು. “ಗಾಳಿ ಅತ್ತಲಿಂದಾನೇ ಬೀಸ್ತಿದೆ. ಮಣ್ಣಿನ ವಾಸ್ನೆ ಬಂತು ಅಂತ ಹೇಳು.”

ಅಣ್ಣ ಕೋಲನ್ನು ಬಂಡೆಗೆ ಒರಗಿಸಿದರು. “ಅಂಗಾರೆ ನಮ್ಮೋರು ಇವತ್ತು ಕುರಿನ ಬಿರ್ನೆ ತಿರುವ್ಕಂಡ್ ಬತ್ತಾರೆ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಬುತ್ತಿ ಬಿಚ್ಚಿ, ಸಿರಾದ ದಿಕ್ಕಿಗೆ ಮುಖ ಮಾಡಿ ಊಟಕ್ಕೆ ಕೂತರು.